ಎಣ್ಣೆ ತಿನ್ನುವವರು ನಮ್ಮ ಮಣ್ಣಿನಲ್ಲೇ ಇದ್ದಾರೆ

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ಸಣ್ಣ ವಾಚನಾಲಯದಲ್ಲಿ, ಚೆಲ್ಲಿದ ಡೀಸೆಲ್, ಕಚ್ಚಾ ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳ ಬಗ್ಗೆ ಭಾನುವಾರ ಮಧ್ಯಾಹ್ನ ಆಡಿದ ಮಾತು ಇದು. ಬರಲು ಆಗದವರು ಬರೆದು ಕೊಡಿ ಅಂತ ಕೇಳಿದರು. ಹಾಗಾಗಿ ಮಾತಾಡಿದ್ದನ್ನೇ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಈ ಮೇಜಿನ ಮೇಲಿರುವ ಮೂರು ಬಾಟಲಿ ನೋಡಿ. ಹಾರ್ಲಿಕ್ಸಿನ ಹಳೇ ಗಾಜಿನ ಬಾಟಲಿಗಳು. ಮೂರರಲ್ಲೂ ಅರ್ಧ ಲೀಟರ್ ಬಾವಿ ನೀರು, ಒಂದು ಚಮಚ ಮಣ್ಣು, ಎರಡು ಚಮಚ ಡೀಸೆಲ್ ಉಂಟು. ಮೂರು ವಾರದ ಹಿಂದೆ ಒಂದೇ ದಿನ ಹಾಕಿಟ್ಟದ್ದು. ಆದರೆ ಈಗ ಮೂರೂ ಒಂದೇ ಥರ ಕಾಣುವುದಿಲ್ಲ, ಅಲ್ವಾ? ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಷ್ಟರ ತನಕ ಅವು ಅಲ್ಲೇ ಇರಲಿ.

2025ರ ಮೇ ತಿಂಗಳು ನಿಮಗೆಲ್ಲ ನೆನಪಿರಬೇಕು. ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ ಕಡಲಿನಲ್ಲಿ ವಾಲಿತು, ಮರುದಿನ 25ನೇ ತಾರೀಕಿಗೆ ಮುಳುಗಿಯೇ ಹೋಯಿತು. ಅದರಲ್ಲಿ 640 ಕಂಟೇನರುಗಳಿದ್ದವು. ಟ್ಯಾಂಕಿನಲ್ಲಿ ಸುಮಾರು 84 ಟನ್ ಡೀಸೆಲ್, 367 ಟನ್ ಫರ್ನೇಸ್ ಆಯಿಲ್ ಎಂಬ ದಪ್ಪ ಎಣ್ಣೆ ಇತ್ತು. ಅದರ ಸುದ್ದಿ ತಣ್ಣಗಾಗುವ ಮೊದಲೇ, ಜೂನ್ 9ಕ್ಕೆ, ನಮ್ಮ ಪಕ್ಕದ ಕಣ್ಣೂರಿನ ಆಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ 18 ಮಂದಿಯನ್ನು ಕಾಪಾಡಿ ಮಂಗಳೂರಿಗೆ ತಂದರು, ನಾಲ್ವರು ಕಾಣೆಯಾದರು. ಆ ದಿನಗಳಲ್ಲಿ ಮೀನು ತಿನ್ನಬಹುದಾ ಬೇಡವಾ ಎಂಬ ಮಾತೇ ಎಲ್ಲ ಮನೆಗಳಲ್ಲೂ.

ಆ ಮಳೆಗಾಲದಲ್ಲಿ ಒಂದು ದಿನ ನಾನು ಕಡಲ ಬದಿಗೆ ಹೋಗಿದ್ದೆ. ಮೀನು ಹಿಡಿಯುವ ಅಣ್ಣ ಒಬ್ಬರು ದೋಣಿಯ ನೆರಳಲ್ಲಿ ಕೂತು, ಅಂಗಾಲಿಗೆ ಅಂಟಿದ ಡಾಂಬರಿನಂಥ ಉಂಡೆಯನ್ನು ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಅವರು ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅಂಥ ಉಂಡೆ ನಮ್ಮ ಕರಾವಳಿಗೆ ಹೊಸದಲ್ಲ. ಮಳೆಗಾಲದ ಗಾಳಿ ಏಳುವ ಹೊತ್ತಿಗೆ ಗೋವಾದಿಂದ ಹಿಡಿದು ನಮ್ಮಲ್ಲಿವರೆಗೆ ದಡಕ್ಕೆ ಬಂದು ಬೀಳುವುದುಂಟು. ಎಲ್ಲೋ ದೂರದಲ್ಲಿ ಹಡಗಿನಿಂದ ಚೆಲ್ಲಿದ ಎಣ್ಣೆ ತಿಂಗಳುಗಟ್ಟಲೆ ಬಿಸಿಲು ತೆರೆ ತಿಂದು ಹಾಗೆ ಉಂಡೆ ಕಟ್ಟುತ್ತದೆ. ಅಣ್ಣ ನನ್ನನ್ನು ಕೇಳಿದರು: “ಟೀಚರೇ, ಇದಕ್ಕೆ ಎಂತದೋ ಹುಳ ಬಿಡ್ತಾರಂತೆ, ಅದು ಎಣ್ಣೆಯನ್ನೆಲ್ಲ ತಿಂದು ಮುಗಿಸ್ತದಂತೆ. ಹೌದಾ?”

ಹೌದು ಅಂದೆ. ಆದರೆ ಬಿಡಬೇಕಾಗಿಲ್ಲ, ಅವು ಆಗಲೇ ಇಲ್ಲಿ ಉಂಟು ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅಲ್ಲೇ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವೂ ಅದಲ್ಲ. ಅದನ್ನೇ ಇವತ್ತು ಪೂರ್ತಿ ಹೇಳುತ್ತೇನೆ.

ಮೊದಲು ಒಂದು ಮಾತು. ಹುಳ ಅಂತ ನಾವು ಬಾಯಿಮಾತಿಗೆ ಹೇಳುವುದು. ನಿಜವಾಗಿ ಅವು ಬ್ಯಾಕ್ಟೀರಿಯಾ, ಜೊತೆಗೆ ಕೆಲವು ಬಗೆಯ ಬೂಷ್ಟು, ಅಂದರೆ ಶಿಲೀಂಧ್ರ. ಹಾಲು ಹೆಪ್ಪುಗಟ್ಟಿಸುವ, ಇಡ್ಲಿ ಹಿಟ್ಟು ಉಬ್ಬಿಸುವ ಜೀವಿಗಳ ದೂರದ ನೆಂಟರು ಅನ್ನಿ. ಕಣ್ಣಿಗೆ ಕಾಣುವುದಿಲ್ಲ. ನಮ್ಮ ತೋಟದ ಒಂದು ಚಿಟಿಕೆ ಮಣ್ಣಿನಲ್ಲೇ ಕೋಟಿಗಟ್ಟಲೆ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ಎಣ್ಣೆ ತಿಂದು ಬದುಕಲು ಬರುತ್ತದೆ.

ಅದು ಹೇಗೆ ಬಂತು ಅಂತ ನೀವು ಕೇಳಬೇಕು. ಪೆಟ್ರೋಲ್ ಬಂಕು ಬಂದು ನೂರು ವರ್ಷ ಆಗಿರಬಹುದು, ಅಷ್ಟರೊಳಗೆ ಇವು ಹೇಗೆ ಕಲಿತವು? ಉತ್ತರ ಏನೆಂದರೆ, ಕಲ್ಲೆಣ್ಣೆ ಮನುಷ್ಯ ಮಾಡಿದ ವಸ್ತುವೇ ಅಲ್ಲ. ಕೋಟ್ಯಂತರ ವರ್ಷ ಹಿಂದೆ ಕಡಲಲ್ಲಿ ಸತ್ತ ಪಾಚಿಯಂಥ ಜೀವಿಗಳು ಕೆಸರಿನಡಿ ಹೂತುಹೋಗಿ, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಎಣ್ಣೆಯಾದದ್ದು. ಕಡಲ ತಳದ ಬಿರುಕುಗಳಿಂದ ಅದು ಇವತ್ತಿಗೂ ತಾನಾಗಿಯೇ ಒಸರುತ್ತಿದೆ. ಲೋಕದ ಕಡಲುಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 6 ಲಕ್ಷ ಟನ್ ಅಂತ ಅಂದಾಜು. ಇನ್ನೊಂದು ಲೆಕ್ಕ ಇದಕ್ಕಿಂತಲೂ ದೊಡ್ಡದು. ಕಡಲ ಮೇಲ್ಪದರದಲ್ಲಿ ಬಿಸಿಲು ಕುಡಿದು ಬದುಕುವ ನೀಲಿಹಸಿರು ಬ್ಯಾಕ್ಟೀರಿಯಾಗಳು ಡೀಸೆಲಿನಲ್ಲಿರುವಂಥ ಹೈಡ್ರೋಕಾರ್ಬನ್ನನ್ನು, ಅಂದರೆ ಇಂಗಾಲ ಜಲಜನಕ ಸೇರಿ ಆದ ವಸ್ತುವನ್ನು, ತಾವೇ ತಯಾರಿಸುತ್ತವೆ. ವರ್ಷಕ್ಕೆ 30 ಕೋಟಿಯಿಂದ 80 ಕೋಟಿ ಟನ್ ಅಂತ 2015ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅದೆಲ್ಲ ಕಡಲ ಮೇಲೆ ತೇಲುತ್ತಾ ನಿಂತಿಲ್ಲ. ಯಾಕೆಂದರೆ ಅದನ್ನು ತಿನ್ನುವವರೂ ಅಲ್ಲೇ ಇದ್ದಾರೆ. ಎಷ್ಟೋ ಕಾಲದಿಂದ ಇದ್ದಾರೆ.

ಇದು ಗೊತ್ತಾಗಿಯೂ ಬಹಳ ವರ್ಷ ಆಯಿತು. ಅಮೆರಿಕದ ಕ್ಲಾಡ್ ಝೋಬೆಲ್ ಎಂಬ ವಿಜ್ಞಾನಿ 1946ರಲ್ಲೇ ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳ ಬಗ್ಗೆ ದೊಡ್ಡ ಲೇಖನ ಬರೆದಿದ್ದರು. 1998ರಲ್ಲಿ ಜರ್ಮನಿಯ ಬೋರ್ಕುಮ್ ದ್ವೀಪದ ಹೆಸರಿನಲ್ಲಿ ಆಲ್ಕನಿವೋರಾಕ್ಸ್ ಬೋರ್ಕುಮೆನ್ಸಿಸ್ ಎಂಬ ಒಂದು ಬ್ಯಾಕ್ಟೀರಿಯಾಕ್ಕೆ ನಾಮಕರಣ ಆಯಿತು. ಇದಕ್ಕೆ ಸಕ್ಕರೆ ಕೊಟ್ಟರೆ ಹೆಚ್ಚುಕಮ್ಮಿ ಬೇಡವೇ ಬೇಡ. ಇದರ ಊಟವೇ ಎಣ್ಣೆ. ಶುದ್ಧ ಕಡಲಿನಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತದೆ, ಎಣ್ಣೆ ಬಿದ್ದ ಕೂಡಲೇ ಹೆಚ್ಚುತ್ತಾ ಹೋಗಿ ಕೆಲವೇ ದಿನಗಳಲ್ಲಿ ಅಲ್ಲಿ ಇದರದ್ದೇ ಕಾರುಬಾರು.

ಸರಿ, ಇಷ್ಟು ಸಣ್ಣ ಜೀವಿ ಎಣ್ಣೆ ತಿನ್ನುವುದು ಹೇಗೆ? ಇದಕ್ಕೆ ಬಾಯಿಲ್ಲ, ಹಲ್ಲಿಲ್ಲ. ಇದು ನೀರಿನಲ್ಲಿ ಇರುವುದು, ಎಣ್ಣೆಯೋ ನೀರಿಗೆ ಸೇರುವುದೇ ಇಲ್ಲ. ನಾವು ಬಂಗುಡೆ ಹುರಿದ ಕಾವಲಿಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುತ್ತದಾ? ಸೋಪು ಬೇಕು. ಇವೂ ಅದನ್ನೇ ಮಾಡುತ್ತವೆ, ತಮ್ಮ ಮೈಯಿಂದಲೇ ಸೋಪಿನಂಥ ವಸ್ತು ಬಿಡುತ್ತವೆ. ಎಣ್ಣೆಯ ಪದರ ಒಡೆದು ಸಣ್ಣ ಸಣ್ಣ ಹನಿಗಳಾಗುತ್ತದೆ. ಹನಿ ಸಣ್ಣದಾದಷ್ಟೂ ಅದರ ಸುತ್ತ ಕೂರಲು ಜಾಗ ಜಾಸ್ತಿ. ಆಮೇಲೆ ಎಣ್ಣೆಯಲ್ಲಿರುವ ಇಂಗಾಲದ ಪರಮಾಣುಗಳ ಉದ್ದದ ಸರಪಳಿಯ ತುದಿಗೆ ಗಾಳಿಯಲ್ಲಿರುವ ಆಮ್ಲಜನಕವನ್ನು ಅಂಟಿಸುತ್ತವೆ. ಇದೇ ಕಷ್ಟದ ಹೆಜ್ಜೆ, ಎಲ್ಲ ಜೀವಿಗಳಿಗೂ ಇದು ಬರುವುದಿಲ್ಲ, ಇದಕ್ಕೆ ಬೇಕಾದ ಕಿಣ್ವ ಇರುವವಕ್ಕೆ ಮಾತ್ರ. ಅದೊಂದು ಆಯಿತೆಂದರೆ ಆ ಸರಪಳಿ ನಿಧಾನಕ್ಕೆ ಕೊಬ್ಬಿನ ಆಮ್ಲವಾಗಿ ಬದಲಾಗುತ್ತದೆ. ಅಲ್ಲಿಂದ ಮುಂದಿನ ದಾರಿ ನಮ್ಮದಕ್ಕಿಂತ ಬೇರೆಯಲ್ಲ. ನಾವು ತಿಂದ ತೆಂಗಿನೆಣ್ಣೆ ನಮ್ಮ ಮೈಯಲ್ಲಿ ಎರಡೆರಡು ಕೊಂಡಿಯಾಗಿ ಕಳಚಿ ಹೇಗೆ ಶಕ್ತಿಯಾಗುತ್ತದೋ, ಡೀಸೆಲ್ ಅಲ್ಲಿ ಹಾಗೇ ಆಗುತ್ತದೆ. ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಮತ್ತೆ ಆ ಬ್ಯಾಕ್ಟೀರಿಯಾದ ಮಕ್ಕಳು ಮೊಮ್ಮಕ್ಕಳು.

ನನಗೆ ಈ ವಿಷಯ ಓದುವಾಗ ಮೊದಲ ಸಲ ಮೈ ಜುಂ ಅಂದದ್ದು ಇಲ್ಲಿಯೇ. ವಿಷ ಅಂತ ನಾವು ಮೂಗು ಮುಚ್ಚಿಕೊಳ್ಳುವ ವಸ್ತು ಅಲ್ಲಿ ಊಟ.

ಆದರೆ ಎಣ್ಣೆ ಅಂದರೆ ಒಂದೇ ವಸ್ತು ಅಲ್ಲ, ಸಾವಿರಾರು ವಸ್ತುಗಳ ಬೆರಕೆ. ನೇರ ಸರಪಳಿಗಳು ಮೊದಲು ಖಾಲಿಯಾಗುತ್ತವೆ. ಕವಲೊಡೆದವು ಆಮೇಲೆ. ಬೆಂಜೀನಿನಂಥ ಉಂಗುರಗಳು ಇನ್ನೂ ಆಮೇಲೆ. ಮೂರು ನಾಲ್ಕು ಐದು ಉಂಗುರ ಅಂಟಿಕೊಂಡವು ಬಹಳ ನಿಧಾನ, ಮತ್ತೆ ಕ್ಯಾನ್ಸರ್ ತರುವಂಥವು ಹೆಚ್ಚಾಗಿ ಇರುವುದೂ ಅವುಗಳಲ್ಲಿಯೇ. ಡಾಂಬರಿನ ಭಾಗವನ್ನಂತೂ ಅವು ಹೆಚ್ಚಾಗಿ ಮುಟ್ಟುವುದೇ ಇಲ್ಲ. ರಸ್ತೆಗೆ ಡಾಂಬರು ಹಾಕಿದ್ದು ವರ್ಷಗಟ್ಟಲೆ ಉಳಿಯುವುದು ಅದಕ್ಕೇ ಅಲ್ವಾ. ಹಾಗಾಗಿ ಡೀಸೆಲ್ ಬೇಗ ಹೋಗುತ್ತದೆ, ಹಡಗಿನ ಫರ್ನೇಸ್ ಆಯಿಲ್ ಹಾಗಲ್ಲ. ಅಣ್ಣನ ಕಾಲಿಗೆ ಅಂಟಿದ ಉಂಡೆ ಅಂದರೆ ಒಳ್ಳೆಯ ಭಾಗವನ್ನೆಲ್ಲ ತಿಂದು ಬಿಟ್ಟ ಎಂಜಲು. ಅದೂ ಉಂಡೆ ಕಟ್ಟಿಕೊಂಡದ್ದು, ಹೊರಮೈ ಬಿಟ್ಟರೆ ಒಳಗೆ ಯಾರಿಗೂ ಪ್ರವೇಶ ಇಲ್ಲ. ಅದನ್ನು ಹೆಕ್ಕಿ ತೆಗೆಯುವುದೇ ದಾರಿ.

ಈಗ ಬಾಟಲಿಗೆ ಬರೋಣ.

ಮೊದಲನೆಯದರಲ್ಲಿ ನಮ್ಮ ತೋಟದ ಮಣ್ಣು, ಡೀಸೆಲ್, ನೀರು, ಅಷ್ಟೆ. ನೋಡಿ, ಎಣ್ಣೆ ಇನ್ನೂ ಮೇಲೆ ಪದರವಾಗಿ ಉಂಟು, ಕೆಳಗೆ ನೀರು ಸ್ವಲ್ಪ ಮಸುಕು. ಎರಡನೆಯದಕ್ಕೆ ಅದೇ ಮಣ್ಣು, ಆದರೆ ಒಂದು ಚಿಟಿಕೆ ಯೂರಿಯಾ, ಒಂದು ಚಿಟಿಕೆ ಡಿಎಪಿ ಹಾಕಿದ್ದೆ. ಅಡಿಕೆ ತೋಟಕ್ಕೆ ಹಾಕುವ ಅದೇ ಗೊಬ್ಬರ. ಇದರಲ್ಲಿ ಪದರ ಎಲ್ಲಿದೆ ಹೇಳಿ? ಒಡೆದು ಚೂರಾಗಿದೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ, ಅಂಚಿನಲ್ಲಿ ಕಂದು ಬಣ್ಣದ ಲೋಳೆ ಕಟ್ಟಿದೆ. ಆ ಲೋಳೆಯೇ ಅವರು. ಮೂರನೆಯದಕ್ಕೆ ಗೊಬ್ಬರ ಎರಡನೆಯದರಷ್ಟೇ ಹಾಕಿದ್ದೇನೆ, ಆದರೆ ಮಣ್ಣು ಮತ್ತು ನೀರನ್ನು ಮೊದಲೇ ಕುಕ್ಕರಿನಲ್ಲಿಟ್ಟು ಮುಕ್ಕಾಲು ಗಂಟೆ ಬೇಯಿಸಿದ್ದೆ. ಎಲ್ಲ ಸತ್ತಿವೆ. ಇದರಲ್ಲಿ ಡೀಸೆಲ್ ಹಾಕಿದ ದಿನ ಹೇಗಿತ್ತೋ ಈಗಲೂ ಹೆಚ್ಚುಕಮ್ಮಿ ಹಾಗೇ ಉಂಟು, ಹಳದಿ ಹಳದಿಯಾಗಿ ಹೊಳೆಯುತ್ತಾ.

ಮೂರನ್ನೂ ಬೆಳಿಗ್ಗೆ ಸಂಜೆ ಅಲುಗಾಡಿಸುತ್ತಿದ್ದೆ. ಮುಚ್ಚಳ ಸಡಿಲ ಬಿಟ್ಟಿದ್ದೆ, ಗಾಳಿ ಬೇಕು. ಯಾವ ಅಂಗಡಿಯಿಂದಲೂ ಯಾವ ಬ್ಯಾಕ್ಟೀರಿಯಾವನ್ನೂ ತಂದು ಹಾಕಿಲ್ಲ. ನಾನು ಹೇಳಬೇಕೆಂದಿರುವುದು ಇದೊಂದೇ. ತಿನ್ನುವವರು ಇದ್ದಾರೆ, ಅವರಿಗೆ ಕೊರತೆ ಇರುವುದು ಬೇರೆ ವಸ್ತುಗಳದ್ದು.

ಎಣ್ಣೆಯಲ್ಲಿ ಶಕ್ತಿ ಬೇಕಾದಷ್ಟು ಉಂಟು, ಆದರೆ ಸಾರಜನಕ ಇಲ್ಲ, ರಂಜಕ ಇಲ್ಲ. ಬರೀ ಗಂಜಿತಿಳಿ ಕುಡಿಸಿ ಮಗುವನ್ನು ಬೆಳೆಸಲು ಆಗುತ್ತದಾ? ಬ್ಯಾಕ್ಟೀರಿಯಾ ಒಂದು ಎರಡಾಗಬೇಕಾದರೆ ಪ್ರೋಟೀನು ಕಟ್ಟಬೇಕು, ಅದಕ್ಕೆ ಸಾರಜನಕ ಬೇಕು. ಪುಸ್ತಕದ ಲೆಕ್ಕ ಹೀಗೆ: 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ. ಹೀಗೆ ಗೊಬ್ಬರ ಕೊಡುವುದನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು ಅಮೆರಿಕದ ಅಲಾಸ್ಕಾದಲ್ಲಿ. 1989ರ ಮಾರ್ಚ್ 24ಕ್ಕೆ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಚೆಲ್ಲಿತು. 2,000 ಕಿಲೋಮೀಟರಿಗೂ ಉದ್ದದ ದಡ ಕಪ್ಪಾಯಿತು. ಮೊದಲು ಬಿಸಿನೀರನ್ನು ಜೋರಾಗಿ ಚಿಮ್ಮಿಸಿ ಬಂಡೆ ತೊಳೆದರು, ಅದರಿಂದ ಬಂಡೆಗೆ ಅಂಟಿ ಬದುಕುವ ಚಿಪ್ಪು ಪಾಚಿ ಎಲ್ಲ ಬೆಂದುಹೋಯಿತು. ಆಮೇಲೆ ದಡಕ್ಕೆ ಗೊಬ್ಬರ ಸಿಂಪಡಿಸಿ ನೋಡಿದರು. ಕೆಲವೇ ವಾರಗಳಲ್ಲಿ ಗೊಬ್ಬರ ಬಿದ್ದ ಕಲ್ಲುಗಳು ಬೆಳ್ಳಗೆ ಕಾಣತೊಡಗಿದವು, ಬೀಳದ ಕಲ್ಲುಗಳು ಕಪ್ಪಾಗೇ ಇದ್ದವು. ಹೊರಗಿನಿಂದ ತಂದ ಬ್ಯಾಕ್ಟೀರಿಯಾ ಅಲ್ಲ, ಅಲ್ಲಿಯದ್ದೇ.

ಆದರೆ ಪೂರ್ತಿ ಕತೆ ಅಷ್ಟು ಚಂದ ಇಲ್ಲ. ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಆ ದಡಗಳಲ್ಲಿ ಕಲ್ಲು ಸರಿಸಿ ಅಗೆದರೆ ಅಡಿಯಲ್ಲಿ ಎಣ್ಣೆ ಸಿಗುತ್ತಿತ್ತು. ಅಲ್ಲಿಗೆ ಗಾಳಿ ಹೋಗುತ್ತಿರಲಿಲ್ಲ, ಅದಕ್ಕೆ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿ ಕೇಳಿದ, “ಟೀಚರ್, ಒಬ್ಬರು ಭಾರತೀಯರು ಎಣ್ಣೆ ತಿನ್ನುವ ಸೂಪರ್‌ಬಗ್ ಮಾಡಿದ್ದಾರೆ ಅಂತ ಓದಿದ್ದೇನೆ?” ಒಳ್ಳೆಯ ಪ್ರಶ್ನೆ. ಅವರು ಆನಂದ ಮೋಹನ ಚಕ್ರವರ್ತಿ, ಪಶ್ಚಿಮ ಬಂಗಾಳದ ಸೈಂಥಿಯಾದಲ್ಲಿ 1938ರಲ್ಲಿ ಹುಟ್ಟಿದವರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡುವಾಗ, ಎಣ್ಣೆಯ ಬೇರೆ ಬೇರೆ ಭಾಗಗಳನ್ನು ತಿನ್ನುವ ಶಕ್ತಿಗಳನ್ನು ಒಂದೇ ಸೂಡೊಮೊನಾಸ್ ಬ್ಯಾಕ್ಟೀರಿಯಾದಲ್ಲಿ ಸೇರಿಸಿದರು. ಅದಕ್ಕೆ ಪೇಟೆಂಟ್ ಕೊಡಬಹುದಾ, ಜೀವ ಇರುವುದಕ್ಕೆ ಪೇಟೆಂಟ್ ಉಂಟಾ ಎಂಬ ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಜೂನ್ 16ಕ್ಕೆ ಐವರು ನ್ಯಾಯಾಧೀಶರು ಕೊಡಬಹುದು ಅಂದರು, ನಾಲ್ವರು ಬೇಡ ಅಂದರು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ಹೆಸರು. ಆದರೆ ಆ ಬ್ಯಾಕ್ಟೀರಿಯಾವನ್ನು ಕಡಲಿಗೆ ಬಿಟ್ಟು ಎಣ್ಣೆ ತೆಗೆದದ್ದಿಲ್ಲ. ಲ್ಯಾಬಿನಲ್ಲಿ ಸೊಗಸಾಗಿ ತಿನ್ನುವ ಜೀವಿ ಹೊರಗೆ ಅಲ್ಲಿಯವರ ಜೊತೆ ಪೈಪೋಟಿಯಲ್ಲಿ ಉಳಿಯಬೇಕಲ್ಲ, ಜೊತೆಗೆ ಹೀಗೆ ಬದಲಾಯಿಸಿದ ಜೀವಿಯನ್ನು ಬಯಲಿಗೆ ಬಿಡುವ ಭಯವೂ ಇತ್ತು.

ಹಾಗಂತ ಹೊರಗಿನಿಂದ ತಂದು ಹಾಕುವುದು ಯಾವಾಗಲೂ ವ್ಯರ್ಥ ಅಂತಲ್ಲ. ನಮ್ಮ ದೇಶದಲ್ಲೇ ದೆಹಲಿಯ ಟೆರಿ ಸಂಸ್ಥೆಯವರು ಆಯಿಲ್‌ಝ್ಯಾಪರ್ ಅಂತ ತಯಾರಿಸಿದ್ದಾರೆ. ಐದು ಬಗೆಯ ಬ್ಯಾಕ್ಟೀರಿಯಾಗಳನ್ನು ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನ ಹುಡಿಗೆ ಬೆರೆಸಿದ್ದು. ಯಾವುದೂ ಕೃತಕವಾಗಿ ಬದಲಾಯಿಸಿದ್ದಲ್ಲ, ಎಣ್ಣೆ ಬಿದ್ದ ಮಣ್ಣಿನಿಂದಲೇ ಹುಡುಕಿ ತೆಗೆದವು. ರಿಫೈನರಿಗಳ ಟ್ಯಾಂಕಿನ ತಳದಲ್ಲಿ ಸೇರುವ ಕೆಸರು ಉಂಟಲ್ಲ, ದಪ್ಪ ಎಣ್ಣೆಯ ಗಷ್ಟು, ಅಂಥಲ್ಲಿ ಇದು ಕೆಲಸ ಮಾಡಿದೆ. ಅಲ್ಲಿ ಎಣ್ಣೆ ವಿಪರೀತ, ಬದುಕಿ ಉಳಿದ ಜೀವಿಗಳು ಕಡಿಮೆ, ಜಾಗಕ್ಕೆ ಬೇಲಿ ಉಂಟು, ಉತ್ತು ನೀರು ಹಾಕಲು ಜನ ಇದ್ದಾರೆ. ತೆರೆದ ಕಡಲಿಗೆ ಎರಚಿದರೆ ಅದು ಒಂದೇ ತೆರೆಗೆ ಎಲ್ಲೋ ಹೋಗುತ್ತದೆ.

ಇನ್ನು ನಮ್ಮ ಮನೆಯ ವಿಷಯ ಹೇಳಬೇಕು, ಅದರಿಂದಲೇ ನಾನು ಹೆಚ್ಚು ಕಲಿತದ್ದು.

ನಮ್ಮದು ಬಾಯಾರು ಕಡೆ ಅಡಿಕೆ ತೋಟ. ಕರೆಂಟು ಕೈಕೊಟ್ಟರೆ ಇರಲಿ ಅಂತ ಅಪ್ಪ ಬಾವಿ ಬದಿಯ ಶೆಡ್ಡಿನಲ್ಲಿ ಡೀಸೆಲ್ ಪಂಪು ಇಟ್ಟಿದ್ದರು. ಪಕ್ಕದಲ್ಲಿ ಡೀಸೆಲಿನ ತಗಡಿನ ಡಬ್ಬಿ. ಒಂದು ಮಳೆಗಾಲ ಕಳೆಯುವಾಗ ಡಬ್ಬಿಯ ಅಡಿ ತುಕ್ಕು ಹಿಡಿದು ತೂತಾಗಿದೆ, ಯಾರಿಗೂ ಗೊತ್ತಿಲ್ಲ. ಡಿಸೆಂಬರಿನಲ್ಲಿ ಅಮ್ಮ ಬಾವಿಯಿಂದ ಕೊಡ ಎತ್ತಿ ಮೂಸಿ ನೋಡಿ ಇಟ್ಟುಬಿಟ್ಟರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ. ಸುಮಾರು 20 ಲೀಟರ್ ಹೋಗಿತ್ತು.

ನಮ್ಮ ಊರಿನ ಮಣ್ಣು ನಿಮಗೆ ಗೊತ್ತು. ಮೇಲೆ ಕೆಂಪು ಮಣ್ಣು, ಅಡಿಯಲ್ಲಿ ಮುರಕಲ್ಲು. ಮುರಕಲ್ಲು ತೂತು ತೂತು, ಮಳೆನೀರು ಇಳಿಯುವ ದಾರಿಯಲ್ಲೇ ಎಣ್ಣೆಯೂ ಇಳಿಯುತ್ತದೆ. ಹಾಗೆ ಇಳಿದದ್ದಕ್ಕೆ ತಾನೇ ನಮ್ಮ ಗುಡ್ಡಗಳಲ್ಲಿ ಸುರಂಗ ತೋಡಿ ನೀರು ಹಿಡಿಯಲು ಆಗುವುದು. ಗುಡ್ಡದ ಮೇಲೆ ಜೆಸಿಬಿಯ ಆಯಿಲ್ ಬದಲಾಯಿಸಿ ಅಲ್ಲೇ ಚೆಲ್ಲಿ ಹೋದರೆ ಅದು ಕೆಳಗಿನ ಮನೆಯ ಸುರಂಗದ ಬಾಯಿಗೆ ಬರುತ್ತದೆ, ಇವತ್ತಲ್ಲದಿದ್ದರೆ ನಾಡಿದ್ದು. ದಯವಿಟ್ಟು ಇದನ್ನು ನಿಮ್ಮ ನಿಮ್ಮ ಜಾಗದಲ್ಲಿ ಕೆಲಸಕ್ಕೆ ಬರುವವರಿಗೆ ಹೇಳಿ.

ನಾವು ಹಾರೆ ಪಿಕ್ಕಾಸು ಹಿಡಿದು ಶೆಡ್ಡಿನ ನೆಲ ಅಗೆದೆವು. ವಾಸನೆ ಬರುವಷ್ಟು ಮಣ್ಣು ಎಲ್ಲ ತೆಗೆದೆವು, ಸುಮಾರು 70 ಬುಟ್ಟಿ ಆಯಿತು. ಅದನ್ನು ಅಂಗಳದ ಮೂಲೆಯಲ್ಲಿ ಸಿಲ್ಪಾಲಿನ್ ಹಾಸಿ, ಅಂಚು ಎತ್ತಿ ಕಟ್ಟಿ, ಒಂದು ಅಡಿ ದಪ್ಪಕ್ಕೆ ಹರಡಿದೆವು. ಮೇಲೆ ಮಾಡು ಹಾಕಿದೆವು, ಅಕಾಲ ಮಳೆ ಬಂದರೆ ತೊಳೆದು ಹೋಗಬಾರದಲ್ಲ. ನಮ್ಮ ಮಣ್ಣು ಹುಳಿ, ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಈ ಬ್ಯಾಕ್ಟೀರಿಯಾಗಳಿಗೂ ಹುಳಿ ಆಗದು. ಸುಣ್ಣ ಹಾಕಿದೆವು. ಹಟ್ಟಿ ಗೊಬ್ಬರ ಹಾಕಿದೆವು. ತೆಂಗಿನ ನಾರಿನ ಹುಡಿ ಹಾಕಿದೆವು, ಅದು ಎಣ್ಣೆ ಹೀರಿ ಹಿಡಿದುಕೊಳ್ಳುತ್ತದೆ, ಮಣ್ಣನ್ನೂ ಸಡಿಲ ಮಾಡುತ್ತದೆ. ಆಗ ಹೇಳಿದ ಲೆಕ್ಕದಲ್ಲಿ 20 ಲೀಟರ್ ಡೀಸೆಲಿಗೆ ಸುಮಾರು 3 ಕಿಲೋ ಯೂರಿಯಾ ಆಗುತ್ತದೆ. ಒಟ್ಟಿಗೆ ಸುರಿದರೆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ, ನಾಲ್ಕು ಕಂತಿನಲ್ಲಿ ಹಾಕಿದೆವು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ವಾರಕ್ಕೊಮ್ಮೆ ಹಾರೆಯಿಂದ ತಿರುವಿ ಹಾಕುವುದು. ಇದರಲ್ಲೇ ಹೆಚ್ಚಿನ ಕಷ್ಟ, ಮತ್ತೆ ಹೆಚ್ಚಿನ ಫಲವೂ ಇದರಲ್ಲೇ.

ಮೊದಲ ಎರಡು ವಾರ ವಾಸನೆ ಜೋರಿತ್ತು. ಹಗುರ ಭಾಗ ಸುಮ್ನೆ ಆವಿಯಾಗಿ ಹೋಯಿತು, ಅದನ್ನು ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರಿಸಬಾರದು. ಆಮೇಲೆ ಒಂದು ದಿನ ಬೆಳಿಗ್ಗೆ ರಾಶಿಯೊಳಗೆ ಕೈ ತೂರಿಸಿದಾಗ ಬೆಚ್ಚಗಿತ್ತು, ಗೊಬ್ಬರದ ಗುಂಡಿಯ ಹಾಗೆ. ಫೆಬ್ರವರಿಯಲ್ಲಿ ವಾಸನೆ ಡೀಸೆಲಿನದ್ದಲ್ಲ, ಹಳೇ ಮಣ್ಣಿನದ್ದು.

ಮೂಗಿನ ಮೇಲೆ ಭರವಸೆ ಇಡಬೇಡಿ. ನಾವು ಹೆಸರುಕಾಳು ಹಾಕಿ ನೋಡಿದೆವು. ಒಂದು ಚಟ್ಟಿಯಲ್ಲಿ ತೋಟದ ಒಳ್ಳೆಯ ಮಣ್ಣು, ಇನ್ನೊಂದರಲ್ಲಿ ರಾಶಿಯ ಮಣ್ಣು, ಎರಡಕ್ಕೂ 20 ಕಾಳು. ಜನವರಿಯಲ್ಲಿ ರಾಶಿಯ ಚಟ್ಟಿಯಲ್ಲಿ ಮೂರೇ ಮೊಳೆತವು, ಅವೂ ಬೇರು ಕಂದಾಗಿ ಸುರುಟಿಕೊಂಡವು. ಮಾರ್ಚಿನಲ್ಲಿ ಹನ್ನೊಂದು. ಮೇ ಕೊನೆಗೆ ಹದಿನೆಂಟು, ಬೇರು ಬೆಳ್ಳಗೆ, ನೇರ. ಆಮೇಲೆ ಲ್ಯಾಬಿಗೂ ಕೊಟ್ಟು ನೋಡಿ, ಆ ಮಣ್ಣನ್ನು ತೆಂಗಿನ ಬುಡಕ್ಕಲ್ಲ, ದಾರಿಯ ಬದಿಯ ಹೊಂಡಕ್ಕೆ ಹಾಕಿದೆವು. ಬಾವಿಯ ವಿಷಯ ಇಷ್ಟು ಸುಲಭ ಆಗಲಿಲ್ಲ. ಮೇಲಿನ ಪದರವನ್ನು ಹತ್ತಿಬಟ್ಟೆಯಿಂದ ಹೀರಿ ತೆಗೆದೆವು, ಆದರೂ ಎರಡು ಮಳೆಗಾಲ ಆ ನೀರು ಕುಡಿಯಲಿಲ್ಲ. ಅಮ್ಮ ಅಷ್ಟೂ ದಿನ ಪಕ್ಕದ ಮನೆಯಿಂದ ಹೊತ್ತರು.

ಬಾವಿಯಲ್ಲಿ ಯಾಕೆ ನಿಧಾನ? ಒಂದು ಲೆಕ್ಕ ಹೇಳುತ್ತೇನೆ. ಒಂದು ಗ್ರಾಂ ಎಣ್ಣೆಯನ್ನು ಪೂರ್ತಿ ಅರಗಿಸಲು ಸುಮಾರು ಮೂರೂವರೆ ಗ್ರಾಂ ಆಮ್ಲಜನಕ ಬೇಕು. ನಮ್ಮ ಸೆಕೆಗೆ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಎಣ್ಣೆಗೆ 400 ಲೀಟರಿಗೂ ಜಾಸ್ತಿ ನೀರಿನ ಉಸಿರು ಖಾಲಿ. ಕಡಲಿನಲ್ಲಿ ತೆರೆ ಗಾಳಿಯನ್ನು ಮತ್ತೆ ಮತ್ತೆ ಬೆರೆಸುತ್ತದೆ. ಬಾವಿಯ ತಳದಲ್ಲಿ ಬೆರೆಸುವವರು ಯಾರು?

ಕಾಂಡ್ಲಾ ಕಾಡಿನ, ಅಂದರೆ ಮ್ಯಾಂಗ್ರೋವ್ ಕಾಡಿನ, ಕೆಸರಿನಲ್ಲಿ ಇನ್ನೂ ಕಷ್ಟ. ಕುಂಬಳೆ ಹೊಳೆ, ಶಿರಿಯ ಹೊಳೆ ಕಡಲು ಸೇರುವಲ್ಲಿ ಕಾಲಿಟ್ಟರೆ ಮೊಣಕಾಲು ತನಕ ಹೂತುಹೋಗುವ ಕಪ್ಪು ಕೆಸರು ಉಂಟಲ್ಲ, ಕೊಳೆತ ಮೊಟ್ಟೆಯ ವಾಸನೆಯದ್ದು, ಆ ವಾಸನೆಯೇ ಹೇಳುತ್ತದೆ ಅಲ್ಲಿ ಗಾಳಿ ಇಲ್ಲ ಅಂತ. ಗಾಳಿಯಿಲ್ಲದೆಯೂ ಎಣ್ಣೆ ಒಡೆಯುವ ಬ್ಯಾಕ್ಟೀರಿಯಾ ಇವೆ, ಆದರೆ ತುಂಬಾ ನಿಧಾನ. ಕಾಂಡ್ಲಾ ಗಿಡ ಮೇಲಕ್ಕೆ ಚಾಚಿದ ಬೇರುಗಳಿಂದ ಉಸಿರಾಡುತ್ತದೆ, ಎಣ್ಣೆ ಅದನ್ನು ಮುಚ್ಚಿದರೆ ಗಿಡ ಉಸಿರು ಕಟ್ಟಿ ಸಾಯುತ್ತದೆ. ಹಾಗಾಗಿ ಕಡಲಿನಲ್ಲಿ ಎಣ್ಣೆ ಬಿದ್ದ ಸುದ್ದಿ ಬಂದರೆ ಮೊದಲು ಕಾಪಾಡಬೇಕಾದ್ದು ಅಳಿವೆ ಬಾಯಿಯನ್ನು. ತೇಲುವ ತಡೆ ಹಾಕಬೇಕು, ಎಣ್ಣೆ ಒಳಗೆ ಬರಲೇಬಾರದು.

2017ರ ಜನವರಿ 28ಕ್ಕೆ ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಮೀನುಗಾರರು, ಕಾಲೇಜು ಮಕ್ಕಳು, ಕೋಸ್ಟ್ ಗಾರ್ಡಿನವರು ಸೇರಿ ಬಕೆಟಿನಲ್ಲಿ ಎಣ್ಣೆ ಕೆಸರನ್ನು ಮೊಗೆದು ಮೊಗೆದು ತೆಗೆದರು. ಸಾಕಷ್ಟು ಕೈಗವಸೂ ಇಲ್ಲದೆ ಮಾಡಿದರು, ಅದು ತಪ್ಪು, ಚರ್ಮಕ್ಕೆ ಶ್ವಾಸಕ್ಕೆ ಅಪಾಯ. ಆದರೆ ಕ್ರಮ ಅದೇ ಸರಿ. ಕೈಯಿಂದ, ಯಂತ್ರದಿಂದ ತೆಗೆಯಬಹುದಾದ್ದನ್ನು ಮೊದಲು ತೆಗೆಯಬೇಕು. ಉಳಿದ ತೆಳು ಪದರ, ಮರಳಿಗೆ ಅಂಟಿದ ಭಾಗ, ಅಷ್ಟು ಸೂಕ್ಷ್ಮಜೀವಿಗಳ ಪಾಲಿಗೆ.

ಪೆರ್ಲ ಕಡೆಯಿಂದ ಬಂದ ಅಕ್ಕ ಒಬ್ಬರು ಎದ್ದು ನಿಂತು ಕೇಳಿದರು. “ಈ ಬ್ಯಾಕ್ಟೀರಿಯಾ ಎಂಡೋಸಲ್ಫಾನನ್ನೂ ತಿನ್ನುತ್ತದಾ?” ಕೋಣೆ ಒಂದು ಕ್ಷಣ ಸುಮ್ಮನಾಯಿತು. ನಮ್ಮ ಜಿಲ್ಲೆಯಲ್ಲಿ ಆ ಹೆಸರು ಕೇಳಿದರೆ ಹಾಗೇ ಆಗುವುದು. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿದದ್ದು, ಎಣ್ಮಕಜೆಯಂಥ ಊರುಗಳ ಮಕ್ಕಳು ಅನುಭವಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ್ದು, ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ತಿನ್ನುವ ಬ್ಯಾಕ್ಟೀರಿಯಾ ಇವೆ. ಆದರೆ ಮಣ್ಣಿನಲ್ಲಿ ಹಲವು ಸಲ ಅವು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ವಸ್ತುವಾಗಿ ಮಾಡಿ ಬಿಟ್ಟುಬಿಡುತ್ತವೆ. ಅದೂ ಅಷ್ಟೇ ವಿಷ, ಮತ್ತೆ ಮಣ್ಣಿನಲ್ಲಿ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಬರೀ ಎಂಡೋಸಲ್ಫಾನ್ ಅಳೆದು ನೋಡಿದವರಿಗೆ ಕಡಿಮೆಯಾಯಿತು ಅಂತಲೇ ಕಾಣುತ್ತದೆ. ಎಣ್ಣೆಯಲ್ಲೂ ಈ ಅಪಾಯ ಉಂಟು. ಉಂಗುರಗಳ ಭಾಗ ಅರ್ಧಕ್ಕೇ ಒಡೆದು ನಿಂತರೆ, ಹುಟ್ಟುವ ಕೆಲವು ವಸ್ತುಗಳು ಮೊದಲಿಗಿಂತ ಸುಲಭವಾಗಿ ನೀರಿನಲ್ಲಿ ಕರಗುತ್ತವೆ. ಹಾಗಾಗಿ ಯಾರಾದರೂ ಬಂದು ನಾವು ಬ್ಯಾಕ್ಟೀರಿಯಾ ಹಾಕಿದ್ದೇವೆ, ಎಲ್ಲ ಶುದ್ಧ ಆಯಿತು ಅಂದರೆ, ಏನೇನು ಅಳೆದಿರಿ, ಯಾವ ದಿನ ಅಳೆದಿರಿ, ಕಾಗದ ತೋರಿಸಿ ಅಂತ ಕೇಳಿ. ನಮ್ಮ ಜಿಲ್ಲೆಯವರಿಗೆ ಹಾಗೆ ಕೇಳುವ ಹಕ್ಕು ಯಾರಿಗಿಂತಲೂ ಜಾಸ್ತಿ ಉಂಟು.

ಗ್ಯಾರೇಜಿನ ಕರಿ ಆಯಿಲಿನ ಬಗ್ಗೆ ಇಬ್ಬರು ಕೇಳಿದರು. ಗೆದ್ದಲು ಬಾರದ ಹಾಗೆ ಬೇಲಿ ಗೂಟಕ್ಕೆ, ಪಕ್ಕಾಸಿಗೆ ಅದನ್ನು ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಉಂಟು. ಬೇಡ. ಎಂಜಿನ್ನಿನಲ್ಲಿ ಓಡಿದ ಎಣ್ಣೆಯಲ್ಲಿ ಲೋಹದ ಪುಡಿ, ಸತು, ಕೆಲವೊಮ್ಮೆ ಸೀಸ ಸೇರಿರುತ್ತದೆ. ಎಣ್ಣೆಯನ್ನು ಬ್ಯಾಕ್ಟೀರಿಯಾ ತಿಂದೀತು, ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು, ಅದು ಮಣ್ಣಿನಲ್ಲೇ ಉಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮದ ಪ್ರಕಾರ ಅದನ್ನು ಲೈಸೆನ್ಸ್ ಇರುವ ಮರುಬಳಕೆಯವರಿಗೇ ಕೊಡಬೇಕು.

ಕೊನೆಗೆ ಮುಂದಿನ ಸಾಲಿನ ಅಣ್ಣ ಎದ್ದರು. ಬೋಟಿನ ಎಂಜಿನ್ ಕೆಳಗೆ ಸೇರುವ ಎಣ್ಣೆ ನೀರನ್ನು ಎಲ್ಲರೂ ಬಂದರಿನಲ್ಲೇ ಹೊರಗೆ ಚೆಲ್ಲುತ್ತಾರೆ, ಅದಕ್ಕೆ ಎಂತ ಮಾಡುವುದು ಅಂದರು. ದೊಡ್ಡ ಹಡಗು ಮುಳುಗಿದರೆ ಸುದ್ದಿ, ಇದು ದಿನಾ ನಡೆಯುವುದು, ಸುದ್ದಿಯಲ್ಲ. ನಾನು ಹೇಳಿದ ಉಪಾಯ ಸಣ್ಣದು. ತೂತಿನ ಚೀಲದಲ್ಲಿ ಒಣಗಿದ ನಾರಿನ ಹುಡಿ ತುಂಬಿ ಎಂಜಿನ್ ಕೆಳಗೆ ಇಡಿ, ಎಣ್ಣೆ ಅದಕ್ಕೆ ಹಿಡಿಯುತ್ತದೆ. ತುಂಬಿದ ಚೀಲ ಹಾಕಲು ಬಂದರಿನಲ್ಲಿ ಮುಚ್ಚಳವಿರುವ ಡ್ರಮ್ಮು ಬೇಕು, ಅದನ್ನು ಒಯ್ಯುವವರೂ ಬೇಕು. ಚೀಲ ನಾನು ತೋರಿಸಿಕೊಡುತ್ತೇನೆ, ಡ್ರಮ್ಮಿಗೆ ಪಂಚಾಯತಿಗೆ ಅರ್ಜಿ ಬರೆಯೋಣ ಅಂದೆ. ಅಲ್ಲೇ ಕಾಗದ ತಂದು ಬರೆದೆವು. ಒಂಬತ್ತು ಬೋಟಿನವರು ಸಹಿ ಹಾಕಿದರು.

ಎಲ್ಲ ಹೊರಟ ಮೇಲೆ ಅಣ್ಣ ಎರಡನೇ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. “ಇನ್ನೂ ವಾಸನೆ ಉಂಟಲ್ಲ ಟೀಚರೇ,” ಅಂದರು. ಉಂಟು. ಮೂರು ವಾರ ಸಾಕಾಗುವುದಿಲ್ಲ. ಬಾಟಲಿಗಳು ಈಗ ವಾಚನಾಲಯದ ಕಿಟಕಿಯಲ್ಲಿವೆ. ಸೂಪರ್‌ಬಗ್ ಬಗ್ಗೆ ಕೇಳಿದ ಹುಡುಗ ದಿನಕ್ಕೆ ಎರಡು ಸಲ ಅಲುಗಾಡಿಸಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ ಅಂದಿದ್ದಾನೆ.